ಎರಡನೇ ಆವೃತ್ತಿಯಲ್ಲಿ ದಳವಾಯಿಗೆ ಜ್ವರ

ದಳವಾಯಿ ಕೆಂಚಪ್ಪ ಜ್ವರದಿಂದ ತೀರಿಕೊಂಡ ಸುದ್ದಿ ಗಿರಿಧರನಿಗೆ ಸಿಕ್ಕಿದ್ದು ನೆಲ್ಯಾಡಿಯ ವರ್ಗೀಸರ ಹೊಗೆಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ವರ್ಗೀಸರು ಅಲ್ಲಿ ರಬ್ಬರ್ ಶೀಟ್ ಒಣಗಿಸುವುದನ್ನು ನಿಲ್ಲಿಸಿ ವರ್ಷಗಳಾಗಿದ್ದರೂ ಗೋಡೆಗೆ ಹಿಡಿದ ಹೊಗೆಯ ವಾಸನೆ ಹೋಗಿರಲಿಲ್ಲ. ಸಾವಿನ ಸುದ್ದಿಗೆ ತಕ್ಕ ಜಾಗ. ಸುದ್ದಿ ಮಾತ್ರ ತೀರಾ ಚಿಕ್ಕದು. ಹೊಸ ಪುಸ್ತಕದ ಪುಟದ ಕೆಳಗೆ ಒಂದು ಸಾಲು: 'ಮಹಾನೆರೆಗೆ ಹಿಂದಿನ ವರ್ಷ ದಳವಾಯಿ ಕೆಂಚಪ್ಪನು ಜ್ವರದಿಂದ ತೀರಿಕೊಂಡನು.' ಹತ್ತಿರ ಯಾರಿದ್ದರು, ಬಾಯಿಗೆ ನೀರು ಬಿಟ್ಟವರು ಯಾರಾದರೂ ಇದ್ದರೇ, ಒಂದೂ ಇಲ್ಲ.

"ಇದು ಎಂತ ಎಲ್ವಿನ್?" ಎಂದು ಗಿರಿಧರ ಕೇಳಿದ.

"ಎರಡನೇ ಆವೃತ್ತಿ ಗಿರಿಯಣ್ಣ. ಇತಿಹಾಸ ಸ್ವಲ್ಪ ಸರಿ ಮಾಡ್ಲಿಕ್ಕೆ ಇತ್ತು," ಎಂದ ವರ್ಗೀಸರ ಮಗ ಎಲ್ವಿನ್.

"ಸರಿ ಮಾಡುದು ಅಂದ್ರೆ ಕೊಲ್ಲುದಾ?"

"ಕೊಂದದ್ದಲ್ಲ. ಜ್ವರ ಬಂದದ್ದು."

ಎಲ್ವಿನ್ ಕಟ್ಟಿದ ಆಟದ ಹೆಸರು 'ಸಂಗಮನಾಡು'. ಅದಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ. ಇಲ್ಲದ ಒಂದು ನಾಡಿನ ಚರಿತ್ರೆಯನ್ನು ಬರೆದ ಪುಸ್ತಕ ಉಂಟು, ದಾಳಗಳುಂಟು. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ನಾಡಿನ ಒಬ್ಬೊಬ್ಬ ಮನುಷ್ಯರಾಗಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಹೇಳಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆರು ಬಿದ್ದರೆ ಗೆದ್ದ ಹಾಗೆ, ಒಂದು ಬಿದ್ದರೆ ಮುಗಿದ ಹಾಗೆ. ಎರಡು ನದಿ ಸೇರುವಲ್ಲಿ ಒಂದು ಕೋಟೆ. ಉಪ್ಪಿನಂಗಡಿಯನ್ನು ನೋಡಿ ಬರೆದದ್ದೆಂದು ಯಾರಿಗಾದರೂ ಗೊತ್ತಾಗುವಂಥದ್ದು, ಬಸ್‌ಸ್ಟ್ಯಾಂಡ್ ಒಂದು ಇಲ್ಲ.

ಆ ಕೋಟೆಯ ದಳವಾಯಿ ಕೆಂಚಪ್ಪನಾಗಿ ಆಡುವವನು ಗಿರಿಧರ. ವಾರವಿಡೀ ಅವನು ಕೊಯಿಲದ ಹತ್ತಿರ ಒಂದು ಹಾಲಿನ ಸೊಸೈಟಿಯ ಕಾರ್ಯದರ್ಶಿ. ಊರವರ ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿ, ಡಿಗ್ರಿ ಕಮ್ಮಿ ಉಂಟೆಂದು ಹೇಳಿ, ನೀರು ಹಾಕಿದವರಿಂದ ಬೈಸಿಕೊಳ್ಳುವುದು ಅವನ ಉದ್ಯೋಗ. ಭಾನುವಾರ ಮಾತ್ರ ಅವನ ಸೊಂಟದಲ್ಲಿ ಕತ್ತಿ ಇರುತ್ತಿತ್ತು. ಮಹಾನೆರೆಯ ದಿನ ಶತ್ರುಗಳ ದೋಣಿಗಳು ಕೋಟೆಬಾಗಿಲಿಗೆ ಬಂದಾಗ ಅವನು ಒಬ್ಬನೇ ಅಡ್ಡ ನಿಂತಿದ್ದ. ಹಾಕಿದ ದಾಳವೆಲ್ಲ ಆರು. ಎಲ್ವಿನ್ ಅದನ್ನೇ ಮೊದಲನೇ ಆವೃತ್ತಿಯಲ್ಲಿ ಚರಿತ್ರೆ ಎಂದು ಅಚ್ಚು ಹಾಕಿಸಿದ.

"ಆದ್ರೆ ಅದೇ ದಿನ ನೀವು ಮೂಡಣಕೋಟೆಯಲ್ಲಿ ಮದುವೆಯೂ ಆಗಿದ್ದೀರಿ," ಎಂದ ಎಲ್ವಿನ್. "ಓದಿದವರು ಕೇಳ್ತಾರೆ. ಒಬ್ಬ ಮನುಷ್ಯ ಎರಡು ಕಡೆ ಹೇಗೆ?"

"ಮದುವೆಯ ದಿನ ಬದಲಿಸಬಹುದಿತ್ತು."

"ಅದಕ್ಕೆ ಮೂರು ಅಧ್ಯಾಯ ತಿದ್ದಬೇಕು. ಜ್ವರ ಆದ್ರೆ ಒಂದೇ ಸಾಲು, ಮದುವೆಯೂ ಇಲ್ಲ, ಯುದ್ಧವೂ ಇಲ್ಲ."

ಬಾಗಿಲಿಗೆ ಅಡ್ಡ ನಿಂತವರು ಈಗ ಯಾರೆಂದು ಗಿರಿಧರ ಕೇಳಿದ. ಯಾರೂ ಇಲ್ಲವಂತೆ. ನೀರು ತಾನಾಗಿ ಇಳಿಯಿತಂತೆ.

ಮರುದಿನ ಬೆಳಿಗ್ಗೆ ಸೊಸೈಟಿಯಲ್ಲಿ ಗಿರಿಧರ ಲ್ಯಾಕ್ಟೋಮೀಟರನ್ನು ಅದ್ದಿದ, ನೋಡದೆಯೇ ತೆಗೆದ, ಎಲ್ಲರ ಹಾಲೂ ಒಳ್ಳೆಯದು ಎಂದು ಬರೆದುಕೊಂಡ. ಸಾಲಿನಲ್ಲಿದ್ದವರು ಹೆದರಿದರು.

"ಎಂತ ಆಯ್ತು ಇವರಿಗೆ?" ಎಂದು ಹಿಂದಿನವಳು ಮುಂದಿನವಳನ್ನು ಕೇಳಿದಳು. "ನನ್ನ ಹಾಲು ಅಷ್ಟು ಒಳ್ಳೆದು ಇಲ್ಲ."

ಮನೆಯಲ್ಲಿ ಸಂಗತಿ ಗೊತ್ತಿದ್ದದ್ದು ಹೆಂಡತಿ ಪ್ರೇಮಾವತಿ ಒಬ್ಬಳಿಗೆ. ಅವಳು ಗಂಡನ ತಟ್ಟೆಗೆ ನೀರುದೋಸೆ ಹಾಕಿ, "ದೊಡ್ಡಪ್ಪನಿಗೆ ನೀವೇ ಹೋಗಿ ಹೇಳಿಬಿಡಿ. ಬೇರೆಯವರ ಬಾಯಿಂದ ಗೊತ್ತಾದ್ರೆ ಕಷ್ಟ," ಎಂದಳು.

"ಎಂತ ಅಂತ ಹೇಳುದು?"

"ಇದ್ದದ್ದನ್ನು."

ಇದ್ದದ್ದು ಹೇಳುವಂಥದ್ದಾಗಿರಲಿಲ್ಲ. ಎರಡು ವರ್ಷದ ಹಿಂದೆ ಸುಳ್ಯದಲ್ಲಿ ಒಂದು ಮದುವೆಯ ಊಟಕ್ಕೆ ಕುಳಿತಿದ್ದಾಗ ದೊಡ್ಡಪ್ಪ ಜತ್ತಪ್ಪ ಗೌಡರು, ಭಾನುವಾರ ನೀನು ಎಲ್ಲಿಗೆ ಹೋಗುದು ಮಾರಾಯ ಎಂದು ಕೇಳಿದ್ದರು. ತಲೆ ನರೆತ ಮೇಲೆ ದಾಳ ಆಡಲಿಕ್ಕೆ ಹೋಗುತ್ತೇನೆಂದು ಹೇಳುವುದು ಹೇಗೆ? ಇತಿಹಾಸದ ಕೆಲಸ ಉಂಟು ಎಂದ ಗಿರಿಧರ. ಯಾವ ಇತಿಹಾಸ? ಸಂಗಮದ ಕೋಟೆ ಕಾದ ದಳವಾಯಿ ಕೆಂಚಪ್ಪನದ್ದು. ದೊಡ್ಡಪ್ಪ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು, "ಅವ ನಮ್ಮ ಮನೆತನದವನಾ?" ಎಂದು ಕೇಳಿದರು. ಗಿರಿಧರನ ಬಾಯಲ್ಲಿ ಹೋಳಿಗೆ ಇತ್ತು. ತಲೆಯಾಡಿಸಿದ. ಮುಂದೆ ಆದ ಎಲ್ಲದಕ್ಕೂ ಆ ಹೋಳಿಗೆಯೇ ಕಾರಣ ಎಂಬುದು ಅವನ ವಾದ.

ಅವರದ್ದು ಬಾಳೆಮಜಲು ಮನೆತನ. ನೆಂಟರ ಮನೆತನಗಳಲ್ಲಿ ಒಂದರಲ್ಲಿ ಹುಲಿ ಹೊಡೆದ ಅಜ್ಜ ಇದ್ದ, ಇನ್ನೊಂದರಲ್ಲಿ ಅಮಲ್ದಾರನ ಕೆನ್ನೆಗೆ ಬಾರಿಸಿದವನಿದ್ದ. ಬಾಳೆಮಜಲಿನಲ್ಲಿ ಇದ್ದವರೆಲ್ಲ ಹೊಟ್ಟೆತುಂಬ ಉಂಡು, ವಯಸ್ಸಾಗಿ ಸತ್ತವರು. ಯಜಮಾನರಾದ ಜತ್ತಪ್ಪ ಗೌಡರಿಗೆ ಇದು ಬಹಳ ಕಾಲದ ಕೊರಗು. ಮದುವೆ ಕಳೆದು ತಿಂಗಳಾಗುವುದರೊಳಗೆ ಮನೆತನದ ಮನೆಯ ಚಾವಡಿಯಲ್ಲಿ ದಳವಾಯಿಯ ಹೆಸರು ಕೆತ್ತಿದ ಗ್ರಾನೈಟ್ ಕಲ್ಲು ಕೂತಿತು. ಅದು ಹೋಗಲಿ. ಆ ವರ್ಷ ಹಿರಿಯರಿಗೆ ಬಡಿಸುವ ದಿನ, ಒಳಕೋಣೆಯಲ್ಲಿ ತೀರಿಹೋದವರ ಎಲೆಗಳ ಸಾಲಿನಲ್ಲಿ ಒಂದು ಎಲೆ ಹೆಚ್ಚು ಹಾಕಿದರು. ಯುದ್ಧ ಮಾಡಿದ ಮನುಷ್ಯನೆಂದು ದೊಡ್ಡಪ್ಪನ ಹೆಂಡತಿ ಚೆನ್ನು ದೊಡ್ಡಮ್ಮ ಖಾರದ ಕೋಳಿಸುಕ್ಕ ಬಡಿಸಿದರು. ಪಕ್ಕದಲ್ಲಿ ಒಂದು ಕ್ವಾರ್ಟರ್ ಬ್ರಾಂಡಿ. ಬಾಗಿಲು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಎಲ್ಲರೂ ಅಡ್ಡಬಿದ್ದರು. ತಾನೇ ದಾಳ ಹಾಕಿ ಹುಟ್ಟಿಸಿದವನಿಗೆ ಗಿರಿಧರನೂ ಅಡ್ಡಬಿದ್ದ. ಮರುವರ್ಷಕ್ಕೆ ಅಭ್ಯಾಸವಾಗಿ ಸಂಕೋಚವೂ ಆಗಲಿಲ್ಲ.

ಈ ವರ್ಷದ ಬಡಿಸುವ ದಿನ ಹತ್ತಿರ ಬಂದಿತ್ತು. ಅದರ ಸಿದ್ಧತೆಗೆಂದು ಎಲ್ಲರೂ ಮನೆತನದ ಮನೆಯಲ್ಲಿ ಸೇರಿದ್ದಾಗ ದೊಡ್ಡಪ್ಪನ ಮೊಮ್ಮಗಳು ದೀಪ್ತಿ ಪುತ್ತೂರಿನ ಕಾಲೇಜಿನಿಂದ ಬಂದಳು. ಕೈಯಲ್ಲಿ ಹೊಸ ಪುಸ್ತಕ.

"ಅಜ್ಜ, ನಮ್ಮ ದಳವಾಯಿಯ ಹೆಸರು ಪುಸ್ತಕದಲ್ಲಿ ಬಂದಿದೆ. ಓದುದಾ?"

ಗಿರಿಧರ ಎದ್ದು ನೀರು ಕುಡಿಯಲು ಹೋಗುವಷ್ಟರಲ್ಲಿ ಓದಿ ಆಗಿತ್ತು.

ಮೊದಲು ಬಾಯಿ ತೆರೆದವರು ಚೆನ್ನು ದೊಡ್ಡಮ್ಮ.

"ಜ್ವರದವರಿಗೆ ನಾನು ಸುಕ್ಕ ಬಡಿಸಿದೆನಾ?"

ಅಲ್ಲಿಂದ ಎಲ್ಲವೂ ಸ್ಪಷ್ಟವಾಗುತ್ತ ಹೋಯಿತು. ಚೆನ್ನು ದೊಡ್ಡಮ್ಮನ ಮಂಡಿನೋವು ಶುರುವಾದದ್ದು ಯಾವಾಗ? ಬಡಿಸಿದ ಮೇಲೆ. ದೀಪ್ತಿಯ ಅಪ್ಪ ಸುಜಯ್ ಬೆಟ್ಟಂಪಾಡಿಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದದ್ದು? ಬಡಿಸಿದ ಮೇಲೆ. ದೊಡ್ಡ ಹಸು ಎರಡು ಸಲವೂ ಗಂಡುಕರು ಹಾಕಿದ್ದು?

"ಅದು ಬಡಿಸುವುದಕ್ಕೆ ಮೊದಲು," ಎಂದಳು ದೀಪ್ತಿ.

"ಒಂದು ಮೊದಲು. ಇನ್ನೊಂದು?" ಎಂದರು ಜತ್ತಪ್ಪ ಗೌಡರು.

"ಜ್ವರದ ಬಾಯಿಗೆ ಖಾರ," ಎಂದು ಚೆನ್ನು ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ, ಒಂದು ಮಾತು ಹೇಳಲಿಲ್ಲ. ಗಂಜಿ ಮಾಡಿ ಕೊಡ್ತಿದ್ದೆ. ಬ್ರಾಂಡಿ ಬೇರೆ ಇಟ್ಟಿದ್ದೇವೆ."

"ಜ್ವರಕ್ಕೆ ಬ್ರಾಂಡಿ ಆಗ್ತದೆ," ಎಂದ ಸುಜಯ್.

"ನೀನು ಸುಮ್ಮನಿರು."

ಜತ್ತಪ್ಪ ಗೌಡರು ಗಿರಿಧರನ ಕಡೆ ತಿರುಗಿದರು. "ಇತಿಹಾಸದವ ನೀನು. ಹೇಳು. ಜ್ವರವಾ, ಯುದ್ಧವಾ?"

ಪ್ರೇಮಾವತಿ ಅಡಿಗೆಮನೆಯ ಬಾಗಿಲಿನಿಂದ ಗಂಡನನ್ನು ನೋಡಿದಳು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಾರದು ಎಂದು ಅವನಿಗೂ ಗೊತ್ತಿತ್ತು. ಗಿರಿಧರ ಗಂಟಲು ಸರಿಮಾಡಿಕೊಂಡ.

"ಎರಡು ಅಭಿಪ್ರಾಯ ಉಂಟು ದೊಡ್ಡಪ್ಪ," ಎಂದ.

"ಹಾಗಾದ್ರೆ ಬರೆದವನನ್ನೇ ಕೇಳುವ. ಜೀಪು ತೆಗೀರಿ."

ಚೆನ್ನು ದೊಡ್ಡಮ್ಮ, ಸುಜಯ್ ಎಲ್ಲರೂ ಜೀಪು ಹತ್ತಿದರು. ಹಿಂಬದಿಯಲ್ಲಿ ಗಿರಿಧರನ ಪಕ್ಕಕ್ಕೆ ದೀಪ್ತಿಯೇ ಬಂದು ಕುಳಿತಳು. ಕಡಬ ದಾಟುವವರೆಗೂ ಪುಸ್ತಕ ಮಗುಚುತ್ತಿದ್ದಳು.

"ಚಿಕ್ಕಪ್ಪ, ಇದರ ಕೊನೆಯಲ್ಲಿ ದಾಳ ಬೇಕು ಅಂತ ಬರೆದಿದೆ."

"ಗೊತ್ತುಂಟು."

"ಅಜ್ಜನಿಗೆ ಗೊತ್ತುಂಟಾ?"

"ಇಲ್ಲ."

"ಹೇಳುದಾ?"

"ನಿಂಗೆ ಐಸ್‌ಕ್ರೀಮ್ ಬೇಕಾ?"

"ನಾನು ಬಿಕಾಂ ಚಿಕ್ಕಪ್ಪ."

ದೀಪ್ತಿ ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತಿ ಮುಂದಿನ ಸೀಟಿನ ಅಜ್ಜನಿಗೆ ದಾಟಿಸಿದಳು. ಗಿರಿಧರ ಹೊರಗೆ ನೋಡಿದ. ಗೊತ್ತಾದರೆ ಗ್ರಾನೈಟ್ ಕಲ್ಲು ತೆಗೆದು ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹಾಕುತ್ತಾರೆ. ಬಾಳೆಮಜಲಿನ ಯಾವ ಮದುವೆಗೂ ತನ್ನನ್ನು ಕರೆಯುವುದಿಲ್ಲ. ಕರೆದರೂ ಹೋಳಿಗೆ ಬಡಿಸುವಾಗ ನಗುತ್ತಾರೆ. ಇದನ್ನೆಲ್ಲ ಸಹಿಸಬಹುದು. ಆದರೆ ದಳವಾಯಿಯೂ ಇಲ್ಲದೆ, ಬರೀ ಲ್ಯಾಕ್ಟೋಮೀಟರ್ ಹಿಡಿದುಕೊಂಡು ಇನ್ನು ಎಷ್ಟು ವರ್ಷ?

ಇತ್ತ ನೆಲ್ಯಾಡಿಯಲ್ಲಿ ವರ್ಗೀಸರು ಅಂಗಳಕ್ಕೆ ಜೀಪು ಬರುವುದನ್ನು ನೋಡಿದರು. ಅದರಿಂದ ಬಿಳಿ ಪಂಚೆ, ಬಿಳಿ ಶರಟಿನ ಸುಳ್ಯದ ಗೌಡರು ಒಬ್ಬರ ಹಿಂದೆ ಒಬ್ಬರು ಇಳಿದರು. ಎಲ್ಲರ ಮುಂದಿದ್ದವರ ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಪುಸ್ತಕ. ವರ್ಗೀಸರ ಅಪ್ಪ ಕೇರಳದಿಂದ ಬಂದು ಜಾಗ ಕೊಂಡು ರಬ್ಬರ್ ಹಾಕಿದವರು. ಬಿಳಿ ಬಟ್ಟೆಯವರು ಪ್ಲಾಸ್ಟಿಕ್ ಸುತ್ತಿದ್ದನ್ನು ಹಿಡಿದು ಬಂದರೆ ಅದು ಗಡಿಕಲ್ಲಿನ ವಿಷಯವೇ ಎಂದು ಹೇಳಿಕೊಟ್ಟು ಸತ್ತಿದ್ದರು. ವರ್ಗೀಸರು ಕುರ್ಚಿ ಹಾಕಿಸಿ, ಒಳಗೆ ಹೋಗಿ, ಜಾಗದ ಕಾಗದಗಳಿದ್ದ ಕಬ್ಬಿಣದ ಟ್ರಂಕನ್ನು ತಾವೇ ಎತ್ತಿ ತಂದು ಇಟ್ಟರು.

"ಜಗಳಕ್ಕೆ ಬಂದದ್ದಲ್ಲ," ಎಂದು ಜತ್ತಪ್ಪ ಗೌಡರು ಆರಂಭಿಸಿದರು. "ನಮಗೆ ನಮ್ಮ ಅಜ್ಜ ಬೇಕು, ಅಷ್ಟೆ."

"ಅಜ್ಜನ ಕಾಲದಲ್ಲೇ ಮಾರಾಟ ಆಗಿದೆ ಮಾರಾಯ್ರೆ. ರಿಜಿಸ್ಟರ್ ಉಂಟು."

"ಅಜ್ಜನನ್ನು ಮಾರಿದ್ದಾ?"

"ನಾವು ಮಾರಿದ್ದಲ್ಲ, ತಗೊಂಡದ್ದು. ಕಲ್ಲು ಹಾಕಿದಲ್ಲೇ ಉಂಟು, ಬೇಕಾದ್ರೆ ನೋಡಿ."

"ಕಲ್ಲು ನಾವೂ ಹಾಕಿದ್ದೇವೆ. ಗ್ರಾನೈಟಿಂದು."

ವರ್ಗೀಸರ ಮುಖದ ಬಣ್ಣ ಹೋಯಿತು. ಗಡಿಗೆ ಗ್ರಾನೈಟ್ ಹಾಕುವಷ್ಟು ಮುಂದುವರಿದವರ ಹತ್ತಿರ ಏನು ಮಾತು? ಅಷ್ಟರಲ್ಲಿ ಎಲ್ವಿನ್ ಹೊರಗೆ ಬಂದ. ಎಲ್ಲರ ಹಿಂದೆ ನಿಂತ ಗಿರಿಧರ ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೊನೆಗೆ ಕೈಯಲ್ಲೇ ಬೇಡವೆಂದು ಸನ್ನೆ ಮಾಡಿದ. ಎಲ್ವಿನ್ ಸತ್ಯವಂತ ಹುಡುಗ. ಅವನಿಗೆ ಸನ್ನೆ ತಿಳಿಯುತ್ತಿರಲಿಲ್ಲ.

"ಸಂಗಮನಾಡಿನ ವಿಷಯವಾ? ಅದು ಆಟ ಅಜ್ಜ," ಎಂದ. "ದಳವಾಯಿ ಗಿರಿಯಣ್ಣನ ಆಟದ ಪಾತ್ರ. ನಿಜವಾಗಿ ಅಂಥವ ಯಾರೂ ಇರಲಿಲ್ಲ."

ಆಯಿತು. ಗಿರಿಧರ ಜೀಪಿನ ಬಾನೆಟ್ಟಿಗೆ ಒರಗಿದ. ಅದು ಬಿಸಿಯಾಗಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ.

ಜತ್ತಪ್ಪ ಗೌಡರು ಅವನನ್ನು ನೋಡಿದರು. ಎಲ್ವಿನ್‌ನನ್ನು ನೋಡಿದರು. ಆಮೇಲೆ ಪುಸ್ತಕದ ಪ್ಲಾಸ್ಟಿಕ್ ಬಿಚ್ಚಿದರು.

"ಆಟ. ಆಗಲಿ. ಆದ್ರೆ ಬರೆದದ್ದು ಉಂಟಲ್ಲ?"

"ಉಂಟು."

"ಅಚ್ಚಾಗಿದೆ?"

"ಆಗಿದೆ."

"ಅಚ್ಚಾದ ಮೇಲೆ ಎಂತ ಆಟ?"

"ಅಲ್ಲ ಅಜ್ಜ, ಅವ ಇರಲೇ ಇಲ್ಲ..."

"ನೋಡು ಮಗಾ," ಎಂದರು ಚೆನ್ನು ದೊಡ್ಡಮ್ಮ. ಅವರ ದನಿ ಮೃದುವಾಗಿತ್ತು. ತಿಳಿಯದ ಮಕ್ಕಳಿಗೆ ಹೇಳುವ ಹಾಗೆ. "ನಾವು ಎಲೆ ಹಾಕಿ ಬಡಿಸಿದ್ದೇವೆ. ಬಡಿಸಿದ ಮೇಲೆ ಇರಲಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಅವ ಉಂಡಿದ್ದಾನೆ. ಬಾಗಿಲು ತೆಗೆಯುವಾಗ ಬ್ರಾಂಡಿ ಅರ್ಧ ಆಗಿತ್ತು."

ಸುಜಯ್ ರಬ್ಬರ್ ಮರಗಳನ್ನು ನೋಡತೊಡಗಿದ.

ಯಾರೂ ಗಿರಿಧರನಿಗೆ ಬೈಯಲಿಲ್ಲ. ಅವನು ಎರಡು ವರ್ಷ ಹೊತ್ತುಕೊಂಡಿದ್ದ ಗುಟ್ಟು ಅಂಗಳದಲ್ಲಿ ಎಲ್ಲರ ಕಾಲಬುಡದಲ್ಲಿ ಬಿದ್ದಿತ್ತು. ಅದನ್ನು ದಾಟಿಕೊಂಡೇ ಜನ ಕಾಫಿ ತೆಗೆದುಕೊಳ್ಳುತ್ತಿದ್ದರು. ಎಲ್ವಿನ್‌ನ ಅಮ್ಮ ಲಿಸ್ಸಿ ಬೇಯಿಸಿದ ಮರಗೆಣಸು, ಕಾಂತಾರಿ ಮೆಣಸಿನ ಚಟ್ನಿ ತಂದಿಟ್ಟಳು.

"ನಮ್ಮ ಕುಟುಂಬದ ಚರಿತ್ರೆಯೂ ಹೀಗೇ," ಎಂದಳು ಲಿಸ್ಸಿ. "ಪ್ರತಿ ಸಲ ಅಚ್ಚು ಹಾಕುವಾಗ ಇವರ ಮುತ್ತಜ್ಜ ಸ್ವಲ್ಪ ಎತ್ತರ ಆಗ್ತಾರೆ. ಕಳೆದ ಸಲ ಆನೆ ಮೇಲೆ ಕೂರಿಸಿದ್ದಾರೆ. ತಿನ್ನಿ, ತಣಿತದೆ."

ವರ್ಗೀಸರು ಟ್ರಂಕನ್ನು ಕಾಲಿನಿಂದ ಕುರ್ಚಿಯ ಅಡಿಗೆ ದೂಡಿದರು.

ಮರಗೆಣಸು ಮುಗಿಯುವಾಗ ರಾಜಿ ಆಯಿತು. ಮಾರಾಟವಾಗದೆ ಉಳಿದ ಪ್ರತಿಗಳಲ್ಲಿ ಒಂದು ತಿದ್ದುಪಡಿ ಅಂಟಿಸುವುದು: ದಳವಾಯಿ ಬದುಕಿದ್ದ, ಬಾಗಿಲಿಗೆ ಅಡ್ಡ ನಿಂತ. ಮದುವೆ ಮರುವರ್ಷ.

"ಆದ್ರೆ ಜ್ವರ ಅಂತ ಓದಿದವರಿದ್ದಾರೆ," ಎಂದ ಎಲ್ವಿನ್. "ಅದನ್ನು ಸುಮ್ಮನೆ ಬಿಡ್ಲಿಕ್ಕೆ ಆಗುದಿಲ್ಲ. ಯಾರಿಗಾದ್ರೂ ಕೊಡ್ಬೇಕು."

"ಒಬ್ಬ ತಮ್ಮ ಇದ್ದ ಅಂತ ಮಾಡು," ಎಂದರು ಜತ್ತಪ್ಪ ಗೌಡರು. "ನೆರೆ ಬಂದಾಗ ಜ್ವರದಲ್ಲಿ ಮಲಗಿದ್ದ ಅಂತ. ದಳವಾಯಿ ನಮ್ಮ ಮೇಲಿನ ಮನೆ ಕವಲಿನವ. ತಮ್ಮ ಕೆಳಗಿನ ಮನೆಯವ."

ಕೆಳಗಿನ ಮನೆ ಎಂದರೆ ಗಿರಿಧರನ ಕವಲು.

"ದೊಡ್ಡಪ್ಪ, ದಳವಾಯಿ ನನ್ನವ," ಎಂದ ಗಿರಿಧರ. ಇಡೀ ದಿನದಲ್ಲಿ ಅವನು ಆಡಿದ ನೇರವಾದ ಮಾತು ಅದೊಂದೇ.

"ನೀನು ತಂದದ್ದು ಹೌದು. ಅದಕ್ಕೆ ಮನೆತನ ನಿನ್ನನ್ನು ಮರೆಯುದಿಲ್ಲ. ಆದ್ರೆ ದಳವಾಯಿ ಯಜಮಾನಿಕೆಯ ಕಡೆಯವನಲ್ಲದೆ ಮತ್ತೆ ಯಾರು? ಹಾಲು ಅಳೆಯುವವರ ಕಡೆ ಬರ್ತಾನಾ?"

ಎಲ್ವಿನ್ ಬರೆದುಕೊಂಡ. ತಮ್ಮನಿಗೆ ಏನು ಹೆಸರಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಹೆಸರಿಲ್ಲದೆಯೇ ಅಂಟಿಸಿದರು.

ಆ ವರ್ಷ ಒಳಕೋಣೆಯಲ್ಲಿ ಎರಡು ಎಲೆ ಹೆಚ್ಚು ಬಿದ್ದವು. ದಳವಾಯಿಗೆ ಸುಕ್ಕ, ರೊಟ್ಟಿ, ಬ್ರಾಂಡಿ. ತಮ್ಮನಿಗೆ ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಪ್ರೇಮಾವತಿ ಯಾರಿಗೂ ಹೇಳದೆ ಗಂಜಿಯ ಪಕ್ಕದಲ್ಲಿ ಎರಡು ಜ್ವರದ ಮಾತ್ರೆ ಇಟ್ಟಳು. ಬಾಗಿಲು ತೆಗೆದಾಗ ಬ್ರಾಂಡಿ ಪೂರ್ತಿ ಖಾಲಿಯಾಗಿತ್ತು. ಗಂಜಿ ಹಾಗೇ ಇತ್ತು, ಕೆನೆಕಟ್ಟಿಕೊಂಡು. ಗಿರಿಧರ ಗಂಜಿಗೆ ಅಡ್ಡಬಿದ್ದ. ಏಳುವಾಗ, ಈ ಮನುಷ್ಯನನ್ನು ತಾನು ಒಂದು ದಿನವೂ ವಿಚಾರಿಸಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಯಾರಾದರೂ ಒಬ್ಬರು ವಿಚಾರಿಸಬೇಕಿತ್ತು.

ಮುಂದಿನ ಭಾನುವಾರ ಹೊಗೆಮನೆಯ ಎದುರು ಜೀಪು ಬಂದು ನಿಂತಿತು. ಜತ್ತಪ್ಪ ಗೌಡರು ಇಸ್ತ್ರಿ ಮಾಡಿದ ಶರಟಿನಲ್ಲಿ ಇಳಿದು, ಒಳಗೆ ಬಂದು, ಗಿರಿಧರ ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತರು. ದೀಪ್ತಿ ನೋಡಲೆಂದು ಬಂದಿದ್ದಳು.

"ನಮ್ಮ ಮನೆಯ ದಳವಾಯಿಯನ್ನು ಬೇರೆಯವರು ಆಡುದು ಸರಿ ಕಾಣುದಿಲ್ಲ," ಎಂದರು. "ದಾಳ ಎಲ್ಲಿ?"

ಗಿರಿಧರ ಗೋಡೆ ಬದಿಯ ಬೆಂಚಿಗೆ ಹೋದ. ತಾನೇನು ಮಾಡಬೇಕೆಂದು ಕೇಳಿದ.

"ನೀವು ತಮ್ಮ, ಗಿರಿಯಣ್ಣ. ನಿಮಗೆ ಜ್ವರ. ಮಲಗಿದ್ದೀರಿ," ಎಂದ ಎಲ್ವಿನ್.

ಎಲ್ವಿನ್ ಹೊಸ ತಿದ್ದುಪಡಿಯಂತೆ ಮಹಾನೆರೆಯ ದಿನದಿಂದಲೇ ಕಥೆ ತೆಗೆದ. ಎರಡು ನದಿಗಳೂ ತುಂಬಿ ಬಂದವು. ದೋಣಿಗಳು ಕಂಡವು. ಜತ್ತಪ್ಪ ಗೌಡರು ಬಾಗಿಲಿಗೆ ಅಡ್ಡ ನಿಂತೆನೆಂದು ಗಂಭೀರವಾಗಿ ಹೇಳಿ, ದಾಳವನ್ನು ಎರಡು ಕೈಯಲ್ಲಿ ಕುಲುಕಿ, ಹಣೆಗೆ ಮುಟ್ಟಿಸಿ ಹಾಕಿದರು. ಒಂದು ಬಿತ್ತು.

"ಕೈ ತಪ್ಪಿದ್ದು. ಇನ್ನೊಮ್ಮೆ."

ಹಿರಿಯರೆಂದು ಎಲ್ವಿನ್ ಒಪ್ಪಿದ. ಮತ್ತೆ ಒಂದು.

"ಅಜ್ಜ, ದಳವಾಯಿ ನೀರಲ್ಲಿ ಹೋದ."

"ಹೋಗುದು ಹೇಗೆ? ತಿದ್ದುಪಡಿಯಲ್ಲಿ ಉಂಟಲ್ಲ?"

"ಪುಸ್ತಕದಲ್ಲಿ ಇದ್ದದ್ದು ಪುಸ್ತಕದಲ್ಲಿ. ಮೇಜಿನಲ್ಲಿ ದಾಳ ಬಿದ್ದ ಹಾಗೆ."

ಕೋಟೆಗೆ ಇನ್ನು ಯಾರೂ ಇಲ್ಲ. ಆಗ ಬೆಂಚಿನಿಂದ ಗಿರಿಧರ ಕೇಳಿದ: "ಎಲ್ವಿನ್, ನನಗೆ ಜ್ವರ ಎಷ್ಟುಂಟು?"

"ತುಂಬ ಉಂಟು."

"ಏಳ್ಲಿಕ್ಕೆ ಆಗ್ತದಾ ಅಂತ ನೋಡ್ಬಹುದಾ?"

"ಆರು ಬಿದ್ರೆ ಏಳ್ಬಹುದು."

ಗಿರಿಧರ ದಾಳವನ್ನು ಕುಲುಕಲೂ ಇಲ್ಲ, ಹಣೆಗೆ ಮುಟ್ಟಿಸಲೂ ಇಲ್ಲ. ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಡುವ ಹಾಗೆ ಮೆಲ್ಲಗೆ ಬಿಟ್ಟ. ಆರು. ತಮ್ಮ ಎದ್ದ. ಕಂಬಳಿ ಹೊದ್ದುಕೊಂಡೇ ಬಾಗಿಲವರೆಗೆ ನಡೆಯುತ್ತೇನೆಂದ. ಆರು. ನಿಲ್ಲುತ್ತೇನೆಂದ. ಆರು. ದೀಪ್ತಿ ಬಗ್ಗಿ ದಾಳವನ್ನು ಎತ್ತಿ, ತಿರುಗಿಸಿ ನೋಡಿ, ಹಾಗೆಯೇ ಇಟ್ಟಳು. ದೋಣಿಗಳು ಹಿಂದಿರುಗಿದವು, ಸಂಗಮನಾಡು ಉಳಿಯಿತು. ಹೆಸರಿಲ್ಲದ ಜ್ವರದ ಮನುಷ್ಯ ಕೋಟೆಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ.

"ಇದು ಇತಿಹಾಸಕ್ಕೆ ಹೋಗ್ತದೆ," ಎಂದ ಎಲ್ವಿನ್, ಪೆನ್ನು ತೆಗೆಯುತ್ತ.

ಜತ್ತಪ್ಪ ಗೌಡರು ಶಾಲಿನಿಂದ ಮುಖ ಒರೆಸಿಕೊಂಡರು.

"ಆ ತಮ್ಮ ಮೇಲಿನ ಮನೆಯವನಲ್ವಾ?"

"ಕೆಳಗಿನ ಮನೆಯವ ದೊಡ್ಡಪ್ಪ," ಎಂದ ಗಿರಿಧರ. "ನೀವೇ ಬರೆಸಿದ್ದು."

ಜತ್ತಪ್ಪ ಗೌಡರು ಲಿಸ್ಸಿ ತಂದಿಟ್ಟಿದ್ದ ಮರಗೆಣಸಿನ ಒಂದು ತುಂಡು ತೆಗೆದು, ಚಟ್ನಿಗೆ ಅದ್ದಿ, ಎಲ್ವಿನ್‌ನ ಕಡೆಗೆ ಕುರ್ಚಿ ಎಳೆದುಕೊಂಡರು.

"ಮಗಾ, ಮೂರನೇ ಆವೃತ್ತಿ ಯಾವಾಗ ತರುದು?"